ಚೈನ್ ಲಾಕಿನ ಬಾಯಿ

ನನ್ನ ಹೆಂಡತಿ ಅಮರಮ್ಮನಿಗೆ ನಾನು ಒಂದು ಸವಾರಿ ಬಾಕಿ ಉಳಿಸಿಕೊಂಡಿದ್ದೇನೆ. ಸಿಂಧನೂರಿನಿಂದ ಮಸ್ಕಿಯ ಅವಳ ತವರಿನ ಬಾಗಿಲವರೆಗೆ, ಹಾಡುಹಗಲಲ್ಲಿ, ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ, ನಡುವೆ ಎಲ್ಲೂ ಇಳಿಯದೆ. ಮಾತು ಕೊಟ್ಟದ್ದು ಎಂಬತ್ತನೆಯ ಇಸವಿಯಲ್ಲಿ. ಈಗ ತೊಂಬತ್ತೊಂದು. ಕೂಲಿ ಬಾಕಿ ಇಟ್ಟುಕೊಂಡ ಎಷ್ಟೋ ಜನರ ಮನೆ ಮುಂದೆ ಧರಣಿ ಕೂತವನು ನಾನು. ನನ್ನ ಮನೆ ಮುಂದೆ ಕೂರಲು ಅಮರಮ್ಮನಿಗೆ ಪುರುಸೊತ್ತಿಲ್ಲ, ಅದೇ ನನ್ನ ಪುಣ್ಯ.

ಆ ಸೀಟು ಖಾಲಿ ಇದ್ದದ್ದೇ ಇಲ್ಲ. ಕೂಲಿಕಾರರ ಸಂಘದವರು ನನಗೆ ಬಿಟ್ಟುಕೊಟ್ಟ ಮುದಿ ಗಾಡಿ ಅದು. ಅದರ ಮೇಲೆ ಕರಪತ್ರದ ಕಟ್ಟು ಕೂತಿದೆ, ಬಾವುಟದ ಕೋಲು ಕೂತಿದೆ, ದೂರದಿಂದ ಬಂದ ಮುಖಂಡರು ಕೂತು ಸೊಂಟ ಹಿಡಿಸಿಕೊಂಡಿದ್ದಾರೆ. ಅಮರಮ್ಮ ಮಾತ್ರ ಬಸ್ಸಿಗೆ. ಅವಳ ತಂಗಿ ಮಾರೆಮ್ಮ ಗಂಡನ ಗಾಡಿಯಲ್ಲಿ ತವರಿಗೆ ಬಂದು, ಓಣಿ ತಿರುಗುವಾಗಲೇ ಹಾರ್ನ್ ಹೊಡೆಸುತ್ತಾಳೆ. ಆ ಹಾರ್ನ್ ಮೂರು ವರ್ಷದಿಂದ ನಮ್ಮ ಮನೆಯ ರೊಟ್ಟಿ ತಟ್ಟುವ ಸದ್ದಿನಲ್ಲಿ ಕೇಳಿಸುತ್ತಿತ್ತು.

ಈ ಎಳ್ಳಮವಾಸ್ಯೆಗೆ ಸಾಲ ತೀರಿಸಿಯೇ ಬಿಡುವುದೆಂದು ತೀರ್ಮಾನಿಸಿದೆ. ಗಾಡಿಯ ಚೈನು ಜೋತುಬಿದ್ದಿತ್ತು. ಅದು ಓಡುವ ಚಕ್ರಗಳ ಹಲ್ಲುಗಳು ಸವೆದು ಹುಂಜದ ಕಾಲಿನ ಮುಳ್ಳಿನಂತೆ ಬಾಗಿದ್ದವು. ಮೆಕ್ಯಾನಿಕ್ ಜಿಲಾನಿಸಾಬ್, ಬರೀ ಚೈನು ಹಾಕಿದರೆ ಹಳೆಯ ಹಲ್ಲು ಅದನ್ನು ತಿಂದುಹಾಕುತ್ತದೆ, ದೊಡ್ಡ ಚಕ್ರ, ಸಣ್ಣ ಚಕ್ರ, ಚೈನು ಮೂರೂ ಒಟ್ಟಿಗೇ ಬದಲಾಗಬೇಕು ಎಂದ. ಲಿಂಗಸುಗೂರಿಗೆ ಹೋಗಿ ಮೂರನ್ನೂ ತಂದೆ. (ಬಸ್ಸಿನಲ್ಲಿ ಚೈನನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದೆ. ಕಂಡಕ್ಟರ್ ಬಹಳ ಮರ್ಯಾದೆಯಿಂದ ಟಿಕೆಟ್ ಕೇಳಿದ.) ಆದರೆ ಜೋಡಿಸುವವನು ನಾನೇ ಎಂದು ಸಾರಿದೆ. ಶ್ರಮದ ಘನತೆಯ ಮೇಲೆ ನಲವತ್ತು ಶಿಬಿರಗಳಲ್ಲಿ ಭಾಷಣ ಬಿಗಿದವನು ಒಂದು ಚೈನು ಹಾಕಲಾರೆನೆ?

ಹೊಸ ಚೈನನ್ನು ಬಿಸಿ ಗ್ರೀಸಿನಲ್ಲಿ ಅದ್ದಿದರೆ ಬಾಳಿಕೆ ಬರುತ್ತದೆಂದು ಎಲ್ಲೋ ಕೇಳಿದ್ದೆ. ಅಮರಮ್ಮ ನಟ್ಟು ಬಿಚ್ಚುವ ಪಾನಾ ತರಲು ಜಿಲಾನಿಸಾಬನ ಅಂಗಡಿಗೆ ಹೋದಾಗ, ಹಾಲು ಕಾಸುವ ಬೋಗುಣಿಯನ್ನು ಸ್ಟೋವಿನ ಮೇಲಿಟ್ಟೆ. ಗ್ರೀಸು ಮೆಲ್ಲಗೆ ಕರಗಿತು. ಚೈನು ಅದರೊಳಗೆ ನಿದ್ದೆಯ ಹಾವಿನಂತೆ ಮಗ್ಗುಲಾಯಿತು. ಆ ಹೊಳಪಿನಲ್ಲಿ ನನಗೆ ಕಾಲುವೆಯ ನೀರು ಕಂಡಿತು, ಮಸ್ಕಿಯ ಗುಡ್ಡ ಕಂಡಿತು, ಓಣಿಯ ತುಂಬ ಜನ ಕಂಡರು. ಮಾರೆಮ್ಮನ ಗಂಡ ತಲೆ ತಗ್ಗಿಸಿ ನಿಂತಿದ್ದ. ಹಾರ್ನ್ ಹೊಡೆಯಲು ಕೈ ಎತ್ತಿದೆ, ಅಷ್ಟರಲ್ಲಿ ಅಮರಮ್ಮ ಬಂದಳು. ಬೋಗುಣಿ ನೋಡಿದಳು. ಮುಂದಿನ ಕಾಲು ಗಂಟೆಯಲ್ಲಿ ಅವಳು ಆಡಿದ್ದನ್ನು ಬರೆಯುವುದಿಲ್ಲ, ನಮ್ಮ ಕರಪತ್ರಗಳಲ್ಲೂ ಅಂಥ ಭಾಷೆ ಇರಲಿಲ್ಲ.

ಕೊನೆಗೆ ಉಳಿದದ್ದು ಲಾಕು. ಚೈನಿನ ಎರಡು ತುದಿ ಕೂಡಿಸುವ ಕೊಂಡಿಯ ಮೇಲೆ ಒತ್ತಿ ಕೂರಿಸುವ, ಉಗುರಿನಷ್ಟು ಸಣ್ಣ ತಗಡು. ಒಂದು ತುದಿ ಮುಚ್ಚಿದೆ, ಇನ್ನೊಂದು ಬಾಯಿ ತೆರೆದಿದೆ.

"ಲಾಕಿನ ಬಾಯಿ ಹಿಂದಕ ಇರಬೇಕಂತ್ರಿ, ಜಿಲಾನಿಸಾಬ್ ಹೇಳ್ಯಾನ. ಚೈನು ಹೊಂಟ ಕಡೆ ಮುಚ್ಚಿದ ತುದಿ ಇರಬೇಕಂತ" ಎಂದಳು ಅಮರಮ್ಮ.

"ಬಾಯಿ ಇದ್ದದ್ದು ಮುಂದ ಇರಬೇಕು. ಮೆರವಣಿಗ್ಯಾಗ ನಾ ಎಲ್ಲಿ ಇರತೀನಿ?"

"ಪೊಲೀಸರು ಮೊದಲ ನಿಮ್ಮನ್ನ ಹಿಡಿಯೂದು ಅದಕ್ಕ ಅಲ್ಲೇನ್ರಿ?"

ನಾನು ಲಾಕಿನ ಬಾಯಿ ಮುಂದೆ ಮಾಡಿಯೇ ಒತ್ತಿದೆ.

ಅಮವಾಸ್ಯೆಯ ದಿನ ಬೆಳಿಗ್ಗೆ ಹೊರಟೆವು. ಅಮರಮ್ಮ ಹೊಸ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು, ಹನ್ನೊಂದು ವರ್ಷ ಕಾದ ಸೀಟಿನ ಮೇಲೆ ಕೂತಳು. ಚೈನು ಒಂದು ಮಾತೂ ಆಡದೆ ಹರಿಯುತ್ತಿತ್ತು. ಎಡಕ್ಕೆ ಕಾಲುವೆಯ ಮೇಲೆ ಹೊಗೆಯಂಥ ಮಂಜು, ಬಲಕ್ಕೆ ನೀರು ನಿಂತ ಗದ್ದೆಗಳಲ್ಲಿ ಕೊಕ್ಕರೆಗಳು. ರಸ್ತೆ ಇದೆಯೋ, ನಾವೇ ತೇಲುತ್ತಿದ್ದೇವೆಯೋ ತಿಳಿಯುತ್ತಿರಲಿಲ್ಲ. ನನ್ನ ಹೆಗಲ ಮೇಲೆ ಅವಳ ಕೈ ಇತ್ತು. ಮಸ್ಕಿ ಇನ್ನೂ ಮೂರು ಹರದಾರಿ ದೂರ ಹೋಗಲಿ ಅನ್ನಿಸಿತು.

ಎದುರಿಗೆ ರಸ್ತೆಯ ತುಂಬ ರೈತರು ಹುರುಳಿ ಹರವಿದ್ದರು, ಲಾರಿ ಬಸ್ಸುಗಳೇ ತುಳಿದು ಒಕ್ಕಿಕೊಡಲಿ ಎಂದು. ಅದರ ಮೇಲೆ ಗಾಡಿ ಹೋಯಿತು. ಒಂದು ಬಳ್ಳಿ ಚೈನಿನ ಜೊತೆ ಸುತ್ತಿ ಬಂದು, ತೆರೆದ ಬಾಯಿಗೆ ಸಿಕ್ಕಿ, ಲಾಕನ್ನು ಕಿತ್ತುಕೊಂಡು ಹೋಯಿತು. ಇಂಜಿನ್ನು ಗರ್ಜಿಸುತ್ತಲೇ ಇತ್ತು, ಗಾಡಿ ಮಾತ್ರ ನಿಂತಿತು. ಹಿಂದೆ ರಸ್ತೆಯ ಮೇಲೆ ನನ್ನ ಚೈನು ಉದ್ದಕ್ಕೆ ಮಲಗಿತ್ತು. ಅಮರಮ್ಮ ಇಳಿದಳು. ಒಂದು ಗಂಟೆ ಹೊತ್ತು ಇಬ್ಬರೂ ಹುರುಳಿಯಲ್ಲಿ ಲಾಕು ಹುಡುಕಿದೆವು. ಅವಳು ಸೀರೆಗೆ ಅಂಟಿದ ಹುರುಳಿ ಸಿಪ್ಪೆಯನ್ನು ಒಂದೊಂದಾಗಿ ಕಿತ್ತು ನನ್ನ ಕಾಲ ಬಳಿ ಹಾಕುತ್ತಿದ್ದಳು. ಬೋಗುಣಿಯ ದಿನದ ಭಾಷೆಯೇ ವಾಸಿ ಇತ್ತು.

ಆಗ ಬಂದದ್ದು ಜಮೀನುದಾರ ಬಸವಂತರಾಯರ ಟ್ರ್ಯಾಕ್ಟರು, ಟ್ರೇಲರಿನಲ್ಲಿ ಭತ್ತದ ಹುಲ್ಲು ಹೇರಿಕೊಂಡು. ಎರಡು ವರ್ಷದ ಹಿಂದೆ ಕೊಯ್ಲಿನ ಕೂಲಿಗಾಗಿ ಇದೇ ಟ್ರ್ಯಾಕ್ಟರಿಗೆ ನಾನು ಅಡ್ಡ ಮಲಗಿದ್ದೆ. ಕೈ ಮಾಡಿ ನಿಲ್ಲಿಸಿದವಳು ಅಮರಮ್ಮ. ರಾಯರು ನನ್ನನ್ನೂ ಚೈನನ್ನೂ ಸಾವಕಾಶವಾಗಿ ನೋಡಿದರು.

"ಏನಪಾ ವೆಂಕೋಬ, ಆವತ್ತು ಮುಂದ ಮಲಗಿದ್ದಿ. ಇವತ್ತು ಹಿಂದ ಬಾ. ತಂಗಿ, ನೀ ಹುಲ್ಲಿನ ಮ್ಯಾಲ ಕೂಡವ್ವಾ."

ಟ್ರೇಲರಿಗೆ ಹಗ್ಗ ಕಟ್ಟಿ ಗಾಡಿಯನ್ನು ಎಳೆದರು. ನಾನು ಹ್ಯಾಂಡಲ್ ಹಿಡಿದು ಕೂತೆ, ಚೈನು ಮತ್ತೆ ಕೊರಳಿಗೆ ಬಂತು. ಇಂಜಿನ್ನಿನ ಸದ್ದಿಲ್ಲ, ಹೊಸ ಚಕ್ರ ಬರಿದೇ ತಿರುಗುತ್ತಿತ್ತು. ಮೇಲೆ ಆಕಾಶಕ್ಕೆ ಹತ್ತಿರ ಇಳಕಲ್ ಸೆರಗು ಹಾರುತ್ತಿತ್ತು, ಹುಲ್ಲಿನ ಎಸಳುಗಳು ಒಂದೊಂದಾಗಿ ನನ್ನ ಮೀಸೆಯ ಮೇಲೆ ಇಳಿಯುತ್ತಿದ್ದವು. ಅರೆನಿದ್ದೆಯಲ್ಲಿ, ನಾನು ಬಹಳ ದೊಡ್ಡ ಮೆರವಣಿಗೆಯೊಂದರ ಬಾಲದಲ್ಲಿದ್ದೇನೆ ಅನ್ನಿಸಿತು. ಅಲ್ಲೂ ಸುಖವಾಗಿಯೇ ಇತ್ತು.

ಓಣಿ ತಿರುಗುವಾಗ ಟ್ರ್ಯಾಕ್ಟರಿನ ಹಾರ್ನು ಮೂರು ಸಲ ಕೂಗಿತು. (ಅಮರಮ್ಮ ಹೇಳಿ ಹೊಡೆಸಿದ್ದು.) ಮಾರೆಮ್ಮ, ಅವಳ ಗಂಡ, ಓಣಿಯ ಜನ ಎಲ್ಲ ಹೊರಗೆ ಬಂದರು. ಅತ್ತೆ ತಿಮ್ಮವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಮೊದಲು ಮಗಳನ್ನು, ಆಮೇಲೆ ಧೂಳಿನಲ್ಲಿ ಬಿಳುಪಾದ ನನ್ನನ್ನು ನೋಡಿದರು.

"ಯವ್ವಾ, ಅಳಿಯನ್ನ ಯಾಕ ಹಗ್ಗ ಕಟ್ಟಿ ತಂದಿ?"

"ಬಿಟ್ರ ಮುಂದ ಹೋಗಿ ಬಾಯಿ ತೆಗೀತಾರ" ಎಂದಳು ಅಮರಮ್ಮ, ಹುಲ್ಲಿನ ಮೇಲಿಂದಲೇ.

ಹೊಸ ಲಾಕು ತಂದು ಹಾಕಿ ತಿಂಗಳಾಯಿತು, ಬಾಯಿ ಹಿಂದಕ್ಕೇ ಇದೆ. ಆದರೆ ಬೇರೆಯವರು ನೋಡಿ ಹೇಳುವ ತನಕ ಸೀಟು ಮುಟ್ಟುವುದಿಲ್ಲ ಎನ್ನುತ್ತಾಳೆ. ಸಂಘದವರ ಸಾಕ್ಷಿ ನಡೆಯದು, ಅವರು ನಾನು ಹೇಳಿದ್ದಕ್ಕೆಲ್ಲ ಕೈ ಎತ್ತುತ್ತಾರಂತೆ. ಜಿಲಾನಿಸಾಬ್, ಒಮ್ಮೆ ಹೇಳಿದ್ದನ್ನು ಕೇಳದವನಿಗೆ ಎರಡನೇ ಸಲ ಹೇಳುವುದಿಲ್ಲ ಎಂದುಬಿಟ್ಟ.

ನೀವು ನಮ್ಮ ಸಂಘದವರಲ್ಲ ತಾನೆ? ಹಾಗಾದರೆ ಬರುವ ಭಾನುವಾರ ಸಿಂಧನೂರಿಗೆ ಬನ್ನಿ. ಚೈನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಲಾಕು ನೋಡಿ, ಎದ್ದು ಅಮರಮ್ಮನ ಮುಂದೆ ನಿಂತು ಸರಿ ಇದೆ ಎಂದು ಹೇಳಿ. ಓದಿ ನಕ್ಕು ಮಗ್ಗುಲಾಗುವುದು ನಡೆಯುವುದಿಲ್ಲ. ಬರುತ್ತೀರೋ ಇಲ್ಲವೋ?