ಬೂಟು, ಕರ್ಪೂರ, ಆಷಾಢ

ಸೇಫ್ಟಿ ಆಫೀಸರನಿಗೆ ದೇವರ ಕಾಟವಿಲ್ಲ, ಭಕ್ತರ ಕಾಟ ತಪ್ಪಿದ್ದಲ್ಲ. ಹುಬ್ಬಳ್ಳಿಯವನಾದ ನಾನು ೨೦೧೪ರಲ್ಲಿ ವಿಶಾಖಪಟ್ಟಣದ ಕಾರ್ಖಾನೆಯೊಂದಕ್ಕೆ ಸೇರಿದಾಗಿನಿಂದ ಅದನ್ನು ಉಂಡಿದ್ದೇನೆ. ನನ್ನ ಆಸೆ ಒಂದೇ ಆಗಿತ್ತು: ಯಾರ ಕೈಕಾಲೂ ಮುರಿಯದಂತೆ ನೋಡಿಕೊಂಡು, ಊರಿಗೆ ವರ್ಗ ಮಾಡಿಸಿಕೊಂಡು, ಅವ್ವನಿರುವ ಮನೆ ಸೇರುವುದು.

೧. ಬರಿಗಾಲ ಸ್ವಾಮಿ

ಮೊದಲ ಕಾರ್ತಿಕದಲ್ಲೇ ಒಬ್ಬ ಫಿಟ್ಟರ್ ಅಯ್ಯಪ್ಪ ಮಾಲೆ ಹಾಕಿ, ಕಪ್ಪು ಬಟ್ಟೆಯುಟ್ಟು, ಬರಿಗಾಲಲ್ಲಿ ಕೆಲಸಕ್ಕೆ ಬಂದ. ನೆಲದ ತುಂಬ ಕಬ್ಬಿಣದ ಚೂರು.

"ಬೂಟೆಲ್ಲಿ?" ಎಂದೆ.

"ಚರ್ಮ ಮುಟ್ಟಬಾರದು ಸ್ವಾಮಿ." ಮಾಲೆ ಹಾಕಿದವರಿಗೆ ಎದುರಿಗೆ ಬಂದವರೆಲ್ಲ ಸ್ವಾಮಿಯೇ.

ಊರೆಲ್ಲ ಅಲೆದು ಚರ್ಮವಿಲ್ಲದ ರಬ್ಬರ್ ಬೂಟು ತಂದೆ. ಅವನು ಅದಕ್ಕೆ ಕೈಮುಗಿದು, "ಬಹಳ ಚೆನ್ನಾಗಿದೆ ಸ್ವಾಮಿ. ಆದರೆ ದೀಕ್ಷೆಯಲ್ಲಿ ಕಾಲಿಗೆ ಏನೂ ಹಾಕೋ ಹಾಗಿಲ್ಲ" ಎಂದ.

"ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ ಸ್ವಾಮಿ."

ಸೋತು, ದೀಕ್ಷೆ ಮುಗಿಯುವವರೆಗೆ ಅವನನ್ನು ಆಫೀಸಿನ ಏಸಿ ಕೋಣೆಯಲ್ಲಿ ಕೂರಿಸಿದೆ. ಮರುವರ್ಷ ಅರ್ಧ ವರ್ಕ್‌ಶಾಪಿಗೇ ಭಕ್ತಿ ಬಂತು.

೨. ಬ್ಯಾಟರಿ ಮಂಗಳಾರತಿ

ಆಯುಧಪೂಜೆಯ ದಿನ ಅರ್ಚಕರು ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲೇ ಕರ್ಪೂರ ಹಚ್ಚಲು ಹೊರಟರು. ನಾನು ಓಡಿಹೋದೆ. "ಪಂತುಲುಗಾರೂ, ಇಲ್ಲಿ ಬೆಂಕಿ ಕೂಡದು" ಎಂದು ಕಡ್ಡಿಪೆಟ್ಟಿಗೆ ಕಸಿದು ಬ್ಯಾಟರಿ ದೀಪ ಕೊಟ್ಟೆ. ಅವರು ಗುಂಡಿ ಒತ್ತಿ ಮಂಗಳಾರತಿ ಬೆಳಗಿದರು. ಜನರೂ ಅದರ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡರು.

ಹೊರಡುವಾಗ ಅರ್ಚಕರು ತೆಲುಗರ ಮರ್ಯಾದೆಯ ‘ಅಂಡಿ’ ಸೇರಿಸಿ ಮೆಲ್ಲಗೆ ಹೇಳಿದರು: "ದೀಪ ಹೊಸ ಪದ್ಧತಿದಾಯ್ತು, ಪರವಾಗಿಲ್ಲ. ದಕ್ಷಿಣೆ ಮಾತ್ರ ಹಳೇ ಪದ್ಧತಿಲೇ ಇರಲಿ ಅಂಡಿ."

೩. ಕುಂಬಳಕಾಯಿ

ಆಮೇಲೆ ನನ್ನನ್ನು ಕಂಪನಿಯ ವಿಜಯವಾಡದ ಗೋದಾಮಿಗೆ ಹಾಕಿದರು. ಅಲ್ಲಿಗೆ ಹೊಸ ಫೋರ್ಕ್‌ಲಿಫ್ಟ್ ಬಂತು. ಡ್ರೈವರ್ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರ ಕುಂಕುಮ ಹಚ್ಚಿ, ದೃಷ್ಟಿ ತೆಗೆಯಲು ಬೂದುಗುಂಬಳಕಾಯಿ ಎತ್ತಿದ. "ನೆಲ ಜಾರುತ್ತೆ, ಕೂಡದು" ಎಂದು ತಡೆದೆ.

ಅಂದೇ ದೊಡ್ಡ ಸಾಹೇಬರ ತಪಾಸಣೆ. ನನ್ನ ವರ್ಗ ಅವರ ಕೈಯಲ್ಲಿತ್ತು. ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಮುಖ ಗಂಟಿಕ್ಕಿದರು.

"ಕುಂಬಳಕಾಯಿ ಒಡೆದಿಲ್ವಾ? ಹೊಸ ಗಾಡಿ ಅಂಡಿ! ಏನಾದರೂ ಆದರೆ? ನೀವು ಸೇಫ್ಟಿ ಆಫೀಸರೇನಾ?"

ಕೊನೆಗೆ ಹೆಲ್ಮೆಟ್ ಹಾಕಿಕೊಂಡು ಕಾಯಿ ಒಡೆದವರು ಅವರು, ನೆಲ ಒರೆಸಿದವನು ನಾನು.

೪. ಆಷಾಢ

ಒರೆಸಿದ ಪುಣ್ಯವೋ ಏನೋ, ಹುಬ್ಬಳ್ಳಿಗೆ ವರ್ಗವಾಯಿತು. ವಾರದೊಳಗೆ ಹಾಜರಾಗದಿದ್ದರೆ ಆದೇಶ ರದ್ದು. ಕುಣಿಯುತ್ತ ಅವ್ವನಿಗೆ ಫೋನ್ ಮಾಡಿದೆ.

"ಆಷಾಢ ಐತಲ್ಲೋ! ಗಂಟುಮೂಟಿ ಕಟಗೊಂಡು ಈಗ ಮನಿಗೆ ಬರಬಾರದು. ಶ್ರಾವಣದಾಗ ಬಾ."

"ಕಂಪನಿ ರೂಲ್ ಐತಿ ಯವ್ವಾ."

"ಅದು ಕಂಪನೀದು. ಇದು ಮನೀದು."

ಶ್ರಾವಣದವರೆಗೆ ಗಡುವು ಕೇಳಲು ಸಾಹೇಬರ ಬಳಿ ಓಡಿದೆ. "ಆಫೀಸಿನಲ್ಲಿ ಆಷಾಢ ಗೀಷಾಢ ನಡೆಯಲ್ಲ ಅಂಡಿ. ರೂಲ್ ಅಂದರೆ ರೂಲ್" ಎಂದರು.

ಹೀಗೆ ವರ್ಷಗಟ್ಟಲೆ ಕಾದು ಊರು ಸೇರಿದವನು, ನಮ್ಮ ಓಣಿಯ ತುದಿಯ ಲಾಡ್ಜಿನಲ್ಲಿ ಇಳಿದೆ. ಕಿಟಕಿಯಿಂದ ನಮ್ಮ ಮನೆಯ ಮಾಳಿಗೆ ಕಾಣುತ್ತಿತ್ತು. ಸಿಟ್ಟಿನಿಂದ ಕಿಟಕಿ ಮುಚ್ಚಿದೆ.

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಬುತ್ತಿ ಹಿಡಿದು ಅವ್ವ ನಿಂತಿದ್ದಳು: ಬಿಸಿ ರೊಟ್ಟಿ, ಎಣಗಾಯಿ. ಸಿಟ್ಟೆಲ್ಲ ಇಳಿದು ಕಣ್ಣಲ್ಲಿ ನೀರು ಬಂತು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಲಾಡ್ಜಿನ ಮ್ಯಾನೇಜರ್ ಏದುಸಿರು ಬಿಡುತ್ತ ಹಿಂದೆಯೇ ಬಂದ.

"ಅಮ್ಮಾರ, ಹೊರಗಿನ ಊಟ ರೂಮಿನ್ಯಾಗ ತರಂಗಿಲ್ಲ. ರೂಲ್ ಐತ್ರಿ."

ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, ತಿರುಗಿಯೂ ನೋಡದೆ ಹೇಳಿದಳು: "ಹೊರಗಿಂದಲ್ಲೋ ತಮ್ಮಾ, ಇದು ಮನೀ ಊಟ. ಹೊರಗಿರಾಂವ ಇಂವ ಒಬ್ಬನ."