ಒಂಬತ್ತು ತೋಪಿನ ಹಡಗು, ಮಣ್ಣಿನ ಗಣಪತಿ

ಸಮುದ್ರದಿಂದ ದೂರ ಇದ್ದಷ್ಟೂ ಹಡಗಿನ ಬಗ್ಗೆ ಧೈರ್ಯವಾಗಿ ಮಾತನಾಡಬಹುದು. ನಾನಿರುವುದು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ. ಕಾರವಾರದಲ್ಲಿ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದದ್ದೇ ನನ್ನ ನೌಕಾನುಭವ. ಆದರೂ ಹಳೆಯ ಯುದ್ಧನೌಕೆಗಳ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯುತ್ತಲೇ ಇರುತ್ತೇನೆ. ಏನು ಮಾಡಲಿ, ಬೆರಗು ಬಿಡುವುದಿಲ್ಲ. ದೊಡ್ಡ ತೋಪಿನ ಒಂದೊಂದು ಗುಂಡೂ ಒಂದು ಕಾರಿನಷ್ಟು ಭಾರ! ಅದು ಹಾರಿ ದಿಗಂತದಾಚೆಯ, ಕಣ್ಣಿಗೇ ಕಾಣದ ಹಡಗಿನ ಮೇಲೆ ಬೀಳುತ್ತಿತ್ತು. ಇಷ್ಟೆಲ್ಲ ಹೊತ್ತ ಉಕ್ಕಿನ ಊರು ತಣ್ಣಗೆ ತೇಲುತ್ತಿತ್ತು. ನಮ್ಮ ಮನೆಯಲ್ಲಿ ಚಮಚ ಜಾರಿದರೂ ಹಂಡೆಯ ತಳ ಸೇರುತ್ತದೆ.

ಈ ಸಲ ಮನೆಯ ಗಣಪತಿಗೆ ತಗಡಿನ ಯುದ್ಧನೌಕೆಯನ್ನೇ ಮಾಡಿದೆ. ಮೇಲೆ ಕಬ್ಬಿಣದ ಪೈಪಿನ ಒಂಬತ್ತು ತೋಪು. ಐದನೆಯ ದಿನ ಗಣಪತಿ ಇದರಲ್ಲೇ ಕುಳಿತು ಹಿತ್ತಲಿನ ತೊಟ್ಟಿಯಲ್ಲಿ ಮೂರು ಸುತ್ತು ಹಾಕಿ ನೀರಿಗಿಳಿಯುತ್ತಾನೆಂದು ಊರಿಗೆಲ್ಲ ಸಾರಿಬಿಟ್ಟೆ. ಮೂರ್ತಿ ಮಾತ್ರ ಹೆಂಡತಿ ಮೊದಲ ಬಾರಿಗೆ ತನ್ನ ಕೈಯಾರೆ ಮಾಡಿದ್ದು. ಮಂಗಳಾರತಿಗೆ ಮುಂಚೆ ಭಗ್ನವಾದರೆ ಅವಳ ಪಾಲಿಗೆ ಹಬ್ಬವೇ ಮುಗಿದಂತೆ.

"ನನ್ನ ಗಣಪ್ಪಗ ಏನರ ಆತಂದ್ರ, ನಿಮ್ಮನ್ನೂ ಅದರಾಗ ಕೂಡಿಸಿ ಕಳಸ್ತೇನಿ," ಎಂದಳು.

ಪಕ್ಕದ ಮನೆಯ ಕಾಕಾ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಐದನೆಯ ದಿನ ತೊಟ್ಟಿಯ ಹತ್ತಿರ ಬಂದು ಹಡಗನ್ನು ನೋಡಿದರು.

"ತಮ್ಮಾ, ತಳದಾಗ ತೂಕ ಏನ್ ಇಟ್ಟೀಪಾ?"

"ತಳ ಯಾರ್ ನೋಡ್ತಾರ್ರಿ ಕಾಕಾ?"

"ನೀರು ನೋಡ್ತದಪಾ."

ಹೆಂಡತಿ ತಕ್ಷಣ ಗಣಪತಿಯನ್ನು ಎದೆಗವಚಿಕೊಂಡಳು. "ಮೊದಲ ತೆಂಗಿನಕಾಯಿ ಕೂಡಸ್ರಿ," ಎಂದಳು. ಕೂಡಿಸಿ ಮೆಲ್ಲಗೆ ತಳ್ಳಿದೆ. ಹಡಗು ಒಂದು ಗೇಣು ಸಾಗಿ, ಒಮ್ಮೆ ವಾಲಿ, ಒಂಬತ್ತೂ ತೋಪುಗಳ ಸಮೇತ ಮಗುಚಿತು. ತೆಂಗಿನಕಾಯಿಯೊಂದೇ ತೇಲುತ್ತಿತ್ತು.

ಕಾಕಾ ಮೀಸೆಯಲ್ಲೇ ನಕ್ಕರು. "ಹಿಂದ ಸ್ವೀಡನ್ ದೇಶದಾಗ ಒಬ್ಬ ರಾಜಾ ಹಿಂಗ ತೋಪಿನ ಮ್ಯಾಲ ತೋಪ ಏರಿಸಿದ್ದ. ಮೊದಲನೇ ದಿನಾನ, ಬಂದರ ದಾಟೂದ್ರಾಗ ಹಡಗ ಮುಳುಗ್ತು. ಗೊತ್ತದ ಏನು?"

ನಾನು ತೊಟ್ಟಿಗೆ ಕೈ ಹಾಕಿ ಹಡಗನ್ನು ಮೇಲೆತ್ತತೊಡಗಿದೆ.

"ಗೊತ್ತಿಲ್ಲದ ಏನ್ರಿ ಕಾಕಾ, ಹೋದ ತಿಂಗಳ ಇವರ ಬರದಾರ," ಎಂದಳು ಹೆಂಡತಿ. "'ಆ ರಾಜಗ ತಲಿ ಇದ್ದಿಲ್ಲ' ಅಂತ!"

ತಳಕ್ಕೆ ಎರಡು ಇಟ್ಟಿಗೆ ಇಟ್ಟೆವು. ತೋಪು ಒಂದೊಂದಾಗಿ ಕಳಚುವಾಗ ನನ್ನ ಹಲ್ಲು ಕಿತ್ತಂತಾಗುತ್ತಿತ್ತು. ಕೊನೆಗೆ ಗಣಪತಿ ಕುಳಿತ. ಹಡಗು ವಾಲಲಿಲ್ಲ. ಹೆಂಡತಿ ಆರತಿ ಎತ್ತಿದಳು. ಮಣ್ಣಿನ ದೇವರನ್ನು ಹೊತ್ತು ತಗಡು ಮೆಲ್ಲಗೆ ಸುತ್ತು ಹಾಕುವುದನ್ನು ನಾನು ಬಾಯಿ ತೆರೆದು ನೋಡಿದೆ. ಅಷ್ಟು ದೊಡ್ಡ ನೌಕೆಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ್ದು ಯಾವ ಚಿತ್ರದಲ್ಲೂ ಕಾಣದ ಆ ತಳವೇ ಎಂದು ಮೈ ಜುಮ್ಮೆಂದಿತು.

ವೀಡಿಯೋ ಹಾಕಿದೆ. "ತೋಪ ಎಲ್ಲಿ ಅದಾವ್ರಿ ಸರ?" ಎಂದು ಒಬ್ಬರು ಕೇಳಿದರು. ಹಬ್ಬದ ದಿನ ಲೋಕಕ್ಕೆ ಶಾಂತಿ ಇರಲೆಂದು ನಾನೇ ತೆಗೆದೆ ಎಂದು ಬರೆದೆ. ಎಷ್ಟೋ ಜನ ಕೈಮುಗಿದರು. ನಗುವ ಮುಖ ಒತ್ತಿದವಳು ನನ್ನ ಹೆಂಡತಿ ಒಬ್ಬಳೇ.