ಖಾಲಿ ಟ್ಯಾಗಿನ ಪತ್ನಿ

ಬರಿದೆಂದು ತೋರಿದ ಕಂಬದೊಳಗೂ ತುಂಬಿ ನಿಂತಿದ್ದ ಶ್ರೀಲಕ್ಷ್ಮೀನರಸಿಂಹನಿಗೆ ಕೈಮುಗಿದು ಕತೆಗೆ ತೊಡಗೋಣ.

ಕಲಬುರಗಿಯ ಗಾಜಿಪುರದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದ ಗುರುರಾಜನು, 2004ರ ವೈಶಾಖದಲ್ಲಿ ಕಮಲಾಪುರದ ವಧೂವರರ ಮೇಳಕ್ಕೆ ಬಂದ ಕುಟುಂಬಗಳ ಎಲ್ಲ ಸದಸ್ಯರ ವಿವರವನ್ನು ಪರದೆಯ ಮೇಲೆ ತೋರಿಸುವ ಹೊಣೆ ಹೊತ್ತಿದ್ದನು. ಅವನೂ ಒಬ್ಬ ವರನೇ. ಅದೇ ಮೇಳಕ್ಕೆ ಬಂದಿದ್ದ ಗೋಪಾಲರಾಯರ ಮಗಳನ್ನು ನೋಡಿ ಮೆಚ್ಚಿದ್ದನು. ಅಂದು ಹಿರಿಯರ ಒಪ್ಪಿಗೆಯೊಂದು ದೊರೆಯಬೇಕಿತ್ತು.

ವಿವರಗಳೆಲ್ಲ ಎಕ್ಸ್‌ಎಂಎಲ್ ಎಂಬ ಬಗೆಯ ಕಡತದಲ್ಲಿ, ತೆರೆದು ಮುಚ್ಚುವ ಟ್ಯಾಗೆಂಬ ಹೆಸರುಚೀಟಿಗಳ ನಡುವೆ ಇದ್ದವು. ಅದರಲ್ಲಿ ‘ಬಾಳಸಂಗಾತಿ’ ಎಂಬ ಟ್ಯಾಗು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬೆರಳಚ್ಚಿನವನು ಮದುವೆಯಾಗದವರಿಗೂ ಅದನ್ನು ತೆರೆದು, ಏನೂ ಬರೆಯದೆ ಮುಚ್ಚಿದ್ದನು. ಒಳಗೇನೂ ಇಲ್ಲವೆಂದರೆ ಸಂಗಾತಿಯೇ ಇಲ್ಲವೆಂಬುದು ಗುರುರಾಜನ ತರ್ಕ. ಆದರೆ ಕಡತವನ್ನು ಓದಿ ಪ್ರೋಗ್ರಾಮಿಗೆ ಒಪ್ಪಿಸುವ, ಲೈಬ್ರರಿಯೆಂಬ ಸಿದ್ಧ ತಂತ್ರಾಂಶವು, ಟ್ಯಾಗು ಕಂಡಲ್ಲೆಲ್ಲ ಹೆಸರಿಲ್ಲದ ಸಂಗಾತಿಯೊಬ್ಬಳನ್ನು ಸೃಷ್ಟಿಸಿಬಿಟ್ಟಿತು.

ಪರದೆ ಬೆಳಗಿತು: ‘ಗುರುರಾಜ. ವಿವಾಹಿತ.’

“ಏನ್ರೀ ಸಕ್ಕೂಬಾಯಿ, ಸೊಸಿ ತಂದ ಸುದ್ದೀನೂ ಹೇಳಲಿಲ್ಲಲ್ರೀ!” ಎಂದರು ನೆರೆಮನೆಯ ಪಾರ್ವತೀಬಾಯಿ. ತಾಯಿ ಸಕ್ಕೂಬಾಯಿ ಮಗನನ್ನು ದುರುಗುಟ್ಟಿ ನೋಡಿದರು.

“ಹಂಗಲ್ರೀ, ಹೆಂಡತಿ ಅದಾಳ ಖರೆ, ಆದ್ರ ಒಳಗ ಏನೂ ಇಲ್ಲ...” ಎಂದು ಗುರುರಾಜ ತೊದಲಿದನು.

“ಅಯ್ಯೋ ಪಾಪ, ಆಕೀಗಿ ಊಟಾನೂ ಹಾಕಿಲ್ಲೇನು?” ಎಂದರು ಪಾರ್ವತೀಬಾಯಿ.

ಅವನ ಮುಖ ಹೋಳಿಯ ಮರುದಿನದ ಗೋಡೆಯಂತೆ ಬಣ್ಣಗೆಟ್ಟಿತು. ಕಚೇರಿಯ ಗೆಳೆಯ ಹಮೀದನಿಗೆ ಫೋನ್ ಮಾಡಿದನು.

“ಖಾಲಿ ಟ್ಯಾಗು ಕಂಡ್ರ ಸಂಗಾತಿ ಇಲ್ಲಂತ ತಿಳ್ಕೋ ಅಂತ ಒಂದು ಸಾಲು ಬರಿ ಭಾಯ್. ಅಳಬ್ಯಾಡ,” ಎಂದನು ಹಮೀದ.

ಗುರುರಾಜ ಬರೆದನು. ವರರೆಲ್ಲರೂ ಮತ್ತೆ ಬ್ರಹ್ಮಚಾರಿಗಳಾದರು. ಚಪ್ಪಾಳೆ ಬಿತ್ತು. ಗೋಪಾಲರಾಯರೂ ನಕ್ಕು, “ಇರಲಿ ಬಿಡೋ ತಮ್ಮಾ. ನಿನಗ ಗೋತ್ರ, ನಕ್ಷತ್ರ ಕೂಡೋ ಕನ್ಯಾ ಯಾರಂತ ನಿನ್ನ ಯಂತ್ರಾನೇ ಹೇಳಲಿ,” ಎಂದರು.

ಅವರ ಮಗಳ ಹೆಸರನ್ನೇ ಧ್ಯಾನಿಸುತ್ತ ಗುರುರಾಜನು ಗುಂಡಿ ಒತ್ತಿದನು. ಪರದೆಯಲ್ಲಿ ಮೂಡಿತು: ‘ತಕ್ಕ ವಧು: ಭಾಗೀರಥಿಬಾಯಿ.’

ಸಭೆಯೆಲ್ಲ ಗೋಪಾಲರಾಯರ ಕಡೆ ತಿರುಗಿತು. ಭಾಗೀರಥಿಬಾಯಿ ಗೋಪಾಲರಾಯರ ಧರ್ಮಪತ್ನಿ, ಹುಡುಗಿಯ ತಾಯಿ.

“ಅಯ್ಯ, ಬರಕೊಳ್ಳಾಕ ಬಂದಾಂವ ಯಜಮಾನರ ಹೆಸರು ಕೇಳಿದ. ಅವರ ಹೆಸರು ನಾ ಬಾಯಿಲೆ ಹ್ಯಾಂಗ ಹೇಳ್ಲಿ? ಖಾಲಿ ಬಿಡಪಾ ಅಂದಿದ್ದೆ,” ಎಂದು ಆ ಸಾಧ್ವಿ ಸೆರಗಿನಲ್ಲಿ ಮುಖ ಮರೆಸಿಕೊಂಡರು. ಖಾಲಿ ಟ್ಯಾಗಿನಿಂದಾಗಿ ಹೊಸ ಸಾಲು ಅವರನ್ನೂ ಅವಿವಾಹಿತೆಯೆಂದು ಎಣಿಸಿತ್ತು; ವಯಸ್ಸನ್ನೂ ನೋಡಬೇಕೆಂದು ಪ್ರೋಗ್ರಾಮಿಗೆ ಕಲಿಸಲು ಗುರುರಾಜನು ಮರೆತಿದ್ದನು.

ಗೋಪಾಲರಾಯರು ಕೋಲೂರಿ ಎದ್ದರು. “ಈಗ ತಾನೇ ಒಬ್ಬಾಕಿನ್ನ ಬಿಟ್ಟಿ. ಈಗ ನನ್ನ ಹೆಂಡತೀನೂ ಬೇಕೇನೋ ನಿನಗ?”

ಗುರುರಾಜನು ತಲೆಯೆತ್ತದೆ ಕಲಬುರಗಿಯ ಬಸ್ಸು ಹತ್ತಿದನು. ಹೆತ್ತ ತಾಯಿಯೂ ಅವನ ಪಕ್ಕದಲ್ಲಿ ಕೂಡದೆ ಹಿಂದಿನ ಸೀಟಿಗೆ ಹೋದರು.

ಇದನ್ನು ಕೇಳಿದವರೆಲ್ಲರ ಮನೆ ತುಂಬಿರಲಿ, ನಾಲ್ವರೆದುರು ಅವರ ಮಾನವನ್ನು ಭಗವಂತನು ಕಾಯಲಿ, ಸರ್ವರಿಗೂ ಮಂಗಳವಾಗಲಿ.